ಒಂದೇ ಸ್ಲೇಟು, ಎಂಟು ಕೈ

ಇಲ್ಲಿ ಏನೂ ಬರೆಯದೆ ಬಹಳ ದಿನ ಆಗಿತ್ತು. ಕೆಲಸ, ಓಡಾಟ, ಸೋಮಾರಿತನ... ಮೂರಕ್ಕೂ ಸಮಪಾಲು. ಈ ಸಲ ಸ್ವಲ್ಪ ಟೆಕ್ನಿಕಲ್ ವಿಷಯ. ಹೆದರಬೇಡಿ, ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೂ ಅರ್ಥ ಆಗೋ ಹಾಗೆ ಬರೆಯೋಕೆ ಪ್ರಯತ್ನ ಪಟ್ಟಿದ್ದೀನಿ. ಗೊತ್ತಿರೋರು ನಡುನಡುವೆ ಆಕಳಿಸಿದರೆ ನಾನು ಜವಾಬ್ದಾರನಲ್ಲ :)

ವಿಷಯ ಇಷ್ಟು: ಜಾವಾ ಪ್ರೋಗ್ರಾಮಿನ ಒಳಗೆ ಜಾವಾಸ್ಕ್ರಿಪ್ಟ್, ಪೈಥಾನ್ ಥರದ ಸ್ಕ್ರಿಪ್ಟ್ ಭಾಷೆಯೊಂದನ್ನು ಕೂರಿಸಿ ಓಡಿಸಿದಾಗ ಥ್ರೆಡ್‌ಗಳು ಮಾಡುವ ರಗಳೆ. ಕೇಳೋಕೆ ಇದು ನಾಲ್ಕು ಜನ ಇಂಜಿನಿಯರುಗಳು ಎಸಿ ರೂಮಿನಲ್ಲಿ ಕೂತು ತಲೆ ಕೆಡಿಸಿಕೊಳ್ಳೋ ವಿಷಯ. ಆದರೆ ನಾನು ಕಂಡ ಕೇಸಿನಲ್ಲಿ ಈ ರಗಳೆಗೆ ದುಡ್ಡು ಕಳಕೊಂಡವರು ಡೈರಿಗೆ ಹಾಲು ಹಾಕೋ ಜನ. ಅದಕ್ಕೇ ಬರೀಬೇಕು ಅನ್ನಿಸ್ತು.

ನಾನು ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನ ಒಂದು ಸಣ್ಣ ಊರಲ್ಲಿ. ಪಿಯುಸಿ ಮದ್ದೂರು, ಇಂಜಿನಿಯರಿಂಗ್ ಮಂಡ್ಯ. ಮಳವಳ್ಳಿಗೆ ರೈಲಿಲ್ಲ, ಹಾಗಾಗಿ ಊರಿಂದ ಬಸ್ಸಲ್ಲಿ ಮದ್ದೂರಿಗೆ ಬಂದು ಅಲ್ಲಿಂದ ರೈಲು ಹಿಡಿಯೋದು ನಮ್ಮ ಕಡೆಯವರ ಹಳೇ ಅಭ್ಯಾಸ. ಈಗಲೂ ವಾರಕ್ಕೊಮ್ಮೆ ಬೆಂಗಳೂರಿಂದ ಊರಿಗೆ ಹೋಗೋದು ಹಾಗೇ. ಮನೆಯಲ್ಲಿ ಎರಡು ಹಸು ಇವೆ. ಬೆಳಿಗ್ಗೆ ಸಾಯಂಕಾಲ ಅವ್ವ ಡೈರಿಗೆ ಹಾಲು ಹಾಕ್ತಾಳೆ. ಫ್ಯಾಟು, ಎಸ್‌ಎನ್‌ಎಫ್, ಬಟವಾಡೆ ಅನ್ನೋ ಪದಗಳು ನಂಗೆ ಲೂಪು, ಅರೇ ಅನ್ನೋ ಪದಗಳಿಗಿಂತ ಎಷ್ಟೋ ಮೊದಲೇ ಗೊತ್ತು.

ಗೊತ್ತಿಲ್ಲದವರಿಗೆ: ಹಾಲಿಗೆ ಲೀಟರ್ ಲೆಕ್ಕದಲ್ಲಿ ಮಾತ್ರ ದುಡ್ಡು ಕೊಡಲ್ಲ. ಅದರಲ್ಲಿ ಕೊಬ್ಬು ಎಷ್ಟಿದೆ (ಫ್ಯಾಟು), ಕೊಬ್ಬು ಮತ್ತು ನೀರು ಬಿಟ್ಟು ಉಳಿದ ಗಟ್ಟಿ ಅಂಶ ಎಷ್ಟಿದೆ (ಎಸ್‌ಎನ್‌ಎಫ್) ಅಂತ ನೋಡಿ ಲೀಟರಿನ ದರ ತೀರ್ಮಾನ ಆಗುತ್ತೆ. ಒಂದೇ ಊರಲ್ಲಿ, ಒಂದೇ ಹೊತ್ತಿನಲ್ಲಿ ಇಬ್ಬರು ಹಾಕಿದ ಹಾಲಿಗೆ ಎರಡು ದರ ಬರಬಹುದು.

ಈಗ ಕಥೆ. ನಾನು ಕೆಲಸ ಮಾಡ್ತಿದ್ದ ಕಡೆ ಹೊರರಾಜ್ಯದ ಒಂದು ಹಾಲಿನ ಕಂಪನಿಗೆ ಸಾಫ್ಟ್‌ವೇರ್ ಮಾಡಿಕೊಟ್ಟಿದ್ದರು. ಎರಡೂ ಕಂಪನಿಗಳ ಹೆಸರು ಬೇಡ, ಬಿಡಿ. ಹಳ್ಳಿಹಳ್ಳಿಯ ಹಾಲು ಸಂಗ್ರಹ ಕೇಂದ್ರಗಳಿಂದ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಅಂಕಿಗಳು ಸರ್ವರಿಗೆ ಬರ್ತವೆ. ಸರ್ವರ್ ಪ್ರತಿಯೊಬ್ಬರ ದರ ಲೆಕ್ಕ ಹಾಕಿ ಹದಿನೈದು ದಿನಕ್ಕೊಮ್ಮೆ ಬಿಲ್ಲು ತೆಗೆಯುತ್ತೆ. ಸರ್ವರ್ ಬರೆದಿರೋದು ಜಾವಾದಲ್ಲಿ. ಆದರೆ ದರದ ಸೂತ್ರ ಮಾತ್ರ ಜಾವಾಸ್ಕ್ರಿಪ್ಟಿನಲ್ಲಿ. (ಇವೆರಡೂ ಹೆಸರಲ್ಲಿ ಮಾತ್ರ ನೆಂಟರು, ರಕ್ತಸಂಬಂಧ ಏನೂ ಇಲ್ಲ.)

ಯಾಕೆ ಈ ಎರಡು ದೋಣಿ ಸವಾರಿ ಅಂದರೆ, ಸೂತ್ರ ಆಗಾಗ ಬದಲಾಗ್ತಾ ಇರುತ್ತೆ. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಹಬ್ಬಕ್ಕೆ ಪ್ರೋತ್ಸಾಹಧನ ಬೇರೆ. ಪ್ರತಿ ಸಲ ಜಾವಾ ಕೋಡ್ ತಿದ್ದಿ, ಕಂಪೈಲ್ ಮಾಡಿ, ಸರ್ವರ್ ನಿಲ್ಲಿಸಿ ಹಾಕೋದು ಅಂದರೆ ತಲೆನೋವು. ಸೂತ್ರವನ್ನು ನಾಲ್ಕು ಸಾಲಿನ ಸ್ಕ್ರಿಪ್ಟಾಗಿ ಡೇಟಾಬೇಸಿನಲ್ಲಿ ಇಟ್ಟರೆ ಅವರ ಅಕೌಂಟ್ಸ್ ವಿಭಾಗದವರೇ ಬದಲಾಯಿಸಿಕೊಳ್ಳಬಹುದು. ಯೋಚನೆ ಚೆನ್ನಾಗಿಯೇ ಇದೆ, ಲೋಕದಲ್ಲಿ ಎಷ್ಟೋ ಸಾಫ್ಟ್‌ವೇರುಗಳು ಹೀಗೇ ನಡೀತಿವೆ.

ಇದಕ್ಕೆ ಜಾವಾದಲ್ಲೇ ವ್ಯವಸ್ಥೆ ಇದೆ. 2006ರ ಡಿಸೆಂಬರಿನಲ್ಲಿ ಬಂದ ಜಾವಾ 6ರಲ್ಲಿ ಜೆಎಸ್‌ಆರ್ 223 ಅನ್ನೋ ನಿಯಮಾವಳಿ ಸೇರಿಕೊಳ್ತು. ಯಾವ ಸ್ಕ್ರಿಪ್ಟ್ ಭಾಷೆಯಾದರೂ ಜಾವಾ ಒಳಗಿಂದ ಒಂದೇ ರೀತಿ ಕರೆಯೋಕೆ 'ಸ್ಕ್ರಿಪ್ಟ್ ಇಂಜಿನ್' ಅನ್ನೋ ಸಾಕೆಟ್ ಅದು. ಅದರ ಜೊತೆ ಬಂದ ಜಾವಾಸ್ಕ್ರಿಪ್ಟ್ ಇಂಜಿನ್ನಿನ ಹೆಸರು ರೈನೋ, ಅಂದರೆ ಘೇಂಡಾಮೃಗ. ಓರೈಲಿಯವರ ಜಾವಾಸ್ಕ್ರಿಪ್ಟ್ ಪುಸ್ತಕದ ಮುಖಪುಟದಲ್ಲಿ ಆ ಪ್ರಾಣಿ ಇತ್ತು, ಅದಕ್ಕೇ ಆ ಹೆಸರು. 2014ರಲ್ಲಿ ಜಾವಾ 8 ಬಂದಾಗ ರೈನೋ ಜಾಗಕ್ಕೆ ನಾಸ್‌ಹಾರ್ನ್ ಬಂತು. ಅದೇನು ಅಂತ ನೋಡಿದರೆ ಜರ್ಮನ್ ಭಾಷೆಯಲ್ಲಿ ಅದೂ ಘೇಂಡಾಮೃಗವೇ! 2020ರ ಸೆಪ್ಟೆಂಬರಿನ ಜಾವಾ 15ರಲ್ಲಿ ನಾಸ್‌ಹಾರ್ನನ್ನೂ ತೆಗೆದು ಹಾಕಿದರು. ಬೇಕಾದವರು ಬೇರೆ ಲೈಬ್ರರಿಯಾಗಿ ಹಾಕಿಕೊಳ್ಳಬೇಕು, ಇಲ್ಲಾ ಗ್ರಾಲ್ ಅನ್ನೋ ಹೊಸ ಇಂಜಿನ್ನಿಗೆ ಹೋಗಬೇಕು.

ನಮ್ಮ ಸರ್ವರ್ ಜಾವಾ 8ರಲ್ಲಿ, ನಾಸ್‌ಹಾರ್ನ್ ಮೇಲೆ ವರ್ಷಗಟ್ಟಲೆ ಓಡಿತ್ತು. ಕೋಡ್ ಬರೆದವರು ನಾನು ಸೇರುವ ಮೊದಲೇ ಕೆಲಸ ಬಿಟ್ಟು ಹೋಗಿದ್ದರು. ನಮ್ಮ ತಂಡಕ್ಕೆ ಬಂದ ಕೆಲಸ, ಇದನ್ನು ಜಾವಾ 17ಕ್ಕೆ ಏರಿಸೋದು. ನಾಸ್‌ಹಾರ್ನ್ ತೆಗೆದು ಗ್ರಾಲ್ ಹಾಕಿದ್ವಿ. ಒಂದೊಂದೇ ಲೆಕ್ಕ ಕೊಟ್ಟು ನೋಡಿದಾಗ ಎಲ್ಲ ಸರಿ. ಸಾಯಂಕಾಲದ ಹೊತ್ತಿನ ಭಾರ ಹಾಕಿ ಪರೀಕ್ಷೆ ಮಾಡಿದ ತಕ್ಷಣ ಲಾಗ್ ತುಂಬಾ ಎಕ್ಸೆಪ್ಷನ್. ಕನ್ನಡದಲ್ಲಿ ಹೇಳೋದಾದರೆ ಅದರ ಸಾರ ಇಷ್ಟು: "ಇಂಥ ಥ್ರೆಡ್ಡು ಒಳಗೆ ಬರ್ತೀನಿ ಅಂತಿದೆ, ಒಳಗೆ ಈಗಾಗಲೇ ಇನ್ನೊಬ್ಬರಿದ್ದಾರೆ, ಜಾವಾಸ್ಕ್ರಿಪ್ಟಿಗೆ ಇದಕ್ಕೆ ಅವಕಾಶ ಇಲ್ಲ."

ಎಲ್ಲರೂ ಗ್ರಾಲಿಗೆ ಬೈದಿದ್ದೇ ಬೈದಿದ್ದು. "ಹಳೇದರಲ್ಲಿ ಒಂದು ದಿನವೂ ಈ ತೊಂದರೆ ಇರಲಿಲ್ಲ ಮಾರಾಯಾ" ಅಂದ ಒಬ್ಬ.

ನಿಜಕ್ಕೂ ಇರಲಿಲ್ವಾ? ಇಲ್ಲಿ ಸ್ವಲ್ಪ ನಿಂತು, ಒಳಗೆ ಏನು ನಡೀತಿತ್ತು ಅಂತ ಹೇಳ್ತೀನಿ.

ಮದ್ದೂರಿನ ಎಳನೀರು ಮಾರ್ಕೆಟ್ ನೋಡಿದ್ದೀರಾ? ಲಾರಿಗಟ್ಟಲೆ ಎಳನೀರು ಬಂದು, ಎಣಿಸಿ, ದರ ಕಟ್ಟಿ ದಿಕ್ಕುದಿಕ್ಕಿಗೆ ಹೋಗುತ್ತೆ. ಅಂಥ ಕಡೆ ಒಬ್ಬ ಸಾಹುಕಾರ ಎಂಟು ಜನ ಗುಮಾಸ್ತರನ್ನು ಇಟ್ಟುಕೊಂಡಿದ್ದಾನೆ ಅಂದುಕೊಳ್ಳಿ. ಲೆಕ್ಕಕ್ಕೆ ಇರೋದು ಒಂದೇ ಸ್ಲೇಟು. ಮೊದಲನೇ ಗುಮಾಸ್ತ ಬಂದು ಸ್ಲೇಟಿನ ಮೇಲೆ ಕೆಂಪಣ್ಣನ ಎಳನೀರಿನ ಸಂಖ್ಯೆ ಬರೀತಾನೆ, ಕೆಳಗೆ ದರ ಬರೀತಾನೆ. ಗುಣಿಸೋಕೆ ಅಂತ ಬಳಪ ಎತ್ತುವಷ್ಟರಲ್ಲಿ ಎರಡನೇ ಗುಮಾಸ್ತ ಬಂದು ಮೇಲಿನ ಸಂಖ್ಯೆ ಒರೆಸಿ ಸಿದ್ದಣ್ಣನ ಸಂಖ್ಯೆ ಬರೀತಾನೆ. ಮೊದಲನೆಯವನು ತಲೆ ಎತ್ತದೆ ಸ್ಲೇಟ್ ಮೇಲೆ ಏನಿದೆಯೋ ಅದನ್ನೇ ಗುಣಿಸಿ ಕೆಂಪಣ್ಣನ ಚೀಟಿಗೆ ಬರೆದುಕೊಡ್ತಾನೆ. ಗುಣಾಕಾರ ತಪ್ಪಿಲ್ಲ. ಸ್ಲೇಟು ಒಡೆದಿಲ್ಲ. ಯಾರೂ ಕೂಗಾಡಲಿಲ್ಲ. ಕೆಂಪಣ್ಣನ ದುಡ್ಡು ಮಾತ್ರ ಸಿದ್ದಣ್ಣನ ಲೆಕ್ಕದ್ದು.

ಇಲ್ಲಿ ಗುಮಾಸ್ತ ಅಂದರೆ ಥ್ರೆಡ್. ಸ್ಲೇಟು ಅಂದರೆ ಸ್ಕ್ರಿಪ್ಟ್ ಇಂಜಿನ್. ನಮ್ಮ ಹಳೇ ಕೋಡಿನಲ್ಲಿ ಇಡೀ ಸರ್ವರಿಗೆ ಒಂದೇ ಇಂಜಿನ್ ಇತ್ತು, ಎಂಟು ಥ್ರೆಡ್ ಇದ್ವು. ಪ್ರತಿ ಥ್ರೆಡ್ಡೂ ಮಾಡೋದು ಮೂರು ಕೆಲಸ: ಇಂಜಿನ್ನಿಗೆ ಫ್ಯಾಟ್ ಬರಿ, ಎಸ್‌ಎನ್‌ಎಫ್ ಬರಿ, ಸೂತ್ರ ಓಡಿಸು. ಈ ಮೂರರ ಮಧ್ಯೆ ಸಂದು ಇದೆ. ಆ ಸಂದಿನಲ್ಲಿ ಇನ್ನೊಂದು ಥ್ರೆಡ್ ಬಂದು ಬೇರೆಯವರ ಫ್ಯಾಟ್ ಬರೆದುಬಿಟ್ಟರೆ ಆಯ್ತು. ಇದಕ್ಕೆ ರೇಸ್ ಕಂಡಿಷನ್ ಅಂತಾರೆ. ನಾಸ್‌ಹಾರ್ನ್ ಇದನ್ನು ಕಂಡೂ ಸುಮ್ಮನಿರುತ್ತಿತ್ತು. ಗ್ರಾಲ್ ಸುಮ್ಮನಿರಲಿಲ್ಲ, ಅಷ್ಟೇ ವ್ಯತ್ಯಾಸ.

ನಾಸ್‌ಹಾರ್ನ್ ಸುಳ್ಳೇನೂ ಹೇಳಿರಲಿಲ್ಲ. ಜೆಎಸ್‌ಆರ್ 223ರಲ್ಲಿ ಇಂಜಿನ್ನನ್ನೇ ಕೇಳಬಹುದು, "ಥ್ರೆಡ್ ವಿಷಯದಲ್ಲಿ ನಿನ್ನ ಸ್ವಭಾವ ಏನಪ್ಪಾ?" ಅಂತ. 'ಗೆಟ್ ಪ್ಯಾರಾಮೀಟರ್' ಅನ್ನೋ ಮೆಥಡ್ಡಿಗೆ 'ಥ್ರೆಡಿಂಗ್' ಅಂತ ಕೊಟ್ಟರೆ ನಾಲ್ಕರಲ್ಲಿ ಒಂದು ಉತ್ತರ ಬರುತ್ತೆ. 'ನಲ್' ಅಂದರೆ ಏಕಕಾಲಕ್ಕೆ ಹಲವು ಥ್ರೆಡ್ ನನ್ನ ಹತ್ತಿರ ಬರಬೇಡಿ. 'ಮಲ್ಟಿಥ್ರೆಡೆಡ್' ಅಂದರೆ ಬನ್ನಿ, ನಾನು ಕೆಟ್ಟು ನಿಲ್ಲಲ್ಲ, ಆದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣಬಹುದು. 'ಥ್ರೆಡ್ ಐಸೊಲೇಟೆಡ್' ಅಂದರೆ ಪ್ರತಿ ಥ್ರೆಡ್ಡಿನ ಹೆಸರುಗಳೂ ಬೇರೆ ಬೇರೆ ಇರ್ತವೆ. 'ಸ್ಟೇಟ್‌ಲೆಸ್' ಅಂದರೆ ಅದರ ಜೊತೆಗೆ ಸ್ಕ್ರಿಪ್ಟು ಕೊಟ್ಟ ಹೆಸರುಗಳ ಬೆಲೆಯನ್ನೂ ಬದಲಾಯಿಸಲ್ಲ. ಜಾವಾ 6ರ ರೈನೋ 'ಮಲ್ಟಿಥ್ರೆಡೆಡ್' ಅನ್ನುತ್ತಿತ್ತು. ನಾಸ್‌ಹಾರ್ನ್ ಹೇಳೋದು 'ನಲ್'. ಕೇಳಿದವರಿಗೆ ಮಾತ್ರ ಉತ್ತರ!

ನೋಡಿ, 'ಮಲ್ಟಿಥ್ರೆಡೆಡ್' ಅನ್ನೋ ಪದ ಕೇಳಿದರೆ ಎಲ್ಲ ಸುರಕ್ಷಿತ ಅನ್ನಿಸುತ್ತೆ. ಆದರೆ ಸ್ಲೇಟು ಒಡೆಯಲ್ಲ ಅನ್ನೋದು ಬೇರೆ, ಲೆಕ್ಕ ಸರಿ ಬರುತ್ತೆ ಅನ್ನೋದು ಬೇರೆ.

ವಾಪಸ್ ಕಥೆಗೆ ಬರ್ತೀನಿ. ಎಕ್ಸೆಪ್ಷನ್ ಬಂದಿದ್ದಕ್ಕೆ ಮೀಟಿಂಗಿನಲ್ಲಿ ಬಂದ ಮೊದಲ ಸಲಹೆ: "ಎಕ್ಸೆಪ್ಷನ್ ಬಂದರೆ ಒಂದೆರಡು ಮಿಲಿಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನ ಮಾಡೋ ಹಾಗೆ ಮಾಡಿ. ಮೂರು ಸಲ ರಿಟ್ರೈ. ಸೋಮವಾರ ರಿಲೀಸ್." ಕೇಳೋಕೆ ಎಷ್ಟು ಚೆನ್ನಾಗಿದೆ! ಆದರೆ ಇದರಷ್ಟು ಅಪಾಯದ ಸಲಹೆ ಇನ್ನೊಂದಿಲ್ಲ. ಯಾಕೆ ಅಂದರೆ, ಗ್ರಾಲ್ ಕೂಗೋದು ಇಬ್ಬರು ಒಂದೇ ಕ್ಷಣಕ್ಕೆ ಸ್ಲೇಟ್ ಮುಟ್ಟಿದಾಗ ಮಾತ್ರ. ಒಬ್ಬ ಬರೆದು ಕೈ ತೆಗೆದ ಮೇಲೆ ಇನ್ನೊಬ್ಬ ಬಂದು ಒರೆಸಿದರೆ ಗ್ರಾಲಿನ ದೃಷ್ಟಿಯಲ್ಲಿ ಏನೂ ತಪ್ಪಿಲ್ಲ, ಸರದಿ ಪ್ರಕಾರವೇ ಬಂದಿದ್ದಾರೆ. ಅಂದರೆ ರಿಟ್ರೈ ಹಾಕಿದರೆ ಕೂಗು ನಿಲ್ಲುತ್ತೆ, ತಪ್ಪು ಲೆಕ್ಕ ಮುಂದುವರೆಯುತ್ತೆ. ಬರೆಯೋದಕ್ಕೊಂದು, ಓಡಿಸೋದಕ್ಕೊಂದು ಅಂತ ಬಿಡಿಬಿಡಿಯಾಗಿ ಬೀಗ ಹಾಕಿದರೂ ಅದೇ ಕಥೆ. ಬೀಗ ಹಾಕೋದಾದರೆ ಮೂರೂ ಕೆಲಸಕ್ಕೆ ಸೇರಿಸಿ ಒಂದೇ ಬೀಗ ಹಾಕಬೇಕು.

ನಾನು ಇದನ್ನು ಬೋರ್ಡ್ ಮೇಲೆ ಬರೆದು ತೋರಿಸಿದೆ. "ಸಾಬೀತು ಮಾಡು" ಅಂದರು. ಸರಿಯಾದ ಮಾತೇ.

ಥ್ರೆಡ್ ತೊಂದರೆಯನ್ನು ಸಾಬೀತು ಮಾಡೋದು ಹಲ್ಲುನೋವನ್ನು ಡಾಕ್ಟರ ಮುಂದೆ ತೋರಿಸಿದ ಹಾಗೆ, ಅವರ ಮುಂದೆ ಕೂತಾಗ ನೋವೇ ಇರಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ನಿಧಾನಕ್ಕೆ ಓಡಿಸಿದರೆ ಎಲ್ಲ ಸರಿ. ಡಿಬಗ್ಗರ್ ಹಾಕಿ ನಿಲ್ಲಿಸಿದರೆ ಥ್ರೆಡ್‌ಗಳ ಓಟದ ಲಯವೇ ಬದಲಾಗಿ ತಪ್ಪು ಮಾಯ. ಹಾಗಾಗಿ ಬೇಕೆಂದೇ ನೂಕುನುಗ್ಗಲು ಸೃಷ್ಟಿ ಮಾಡಬೇಕು. ಹಳೇ ಜಾವಾ 8, ಹಳೇ ನಾಸ್‌ಹಾರ್ನ್, ಹಳೇ ಕೋಡ್ ಹಾಗೇ ಇಟ್ಟುಕೊಂಡೆ. 'ಸೈಕ್ಲಿಕ್ ಬ್ಯಾರಿಯರ್' ಅಂತ ಜಾವಾದಲ್ಲಿ ಒಂದು ಗೇಟ್ ಇದೆ, ಎಂಟೂ ಥ್ರೆಡ್ ಬಂದು ನಿಂತ ಮೇಲೆ ಒಟ್ಟಿಗೆ ಬಿಡುತ್ತೆ. ಪ್ರತಿ ಥ್ರೆಡ್ಡಿಗೂ ಉತ್ತರ ಮೊದಲೇ ಗೊತ್ತಿರೋ ಲೆಕ್ಕಗಳನ್ನು ಕೊಟ್ಟೆ. ಮೊದಲನೇ ಓಟ: ತಪ್ಪು ಮೂರು. ಎರಡನೇ ಓಟ: ಹನ್ನೊಂದು. ಮೂರನೇ ಓಟ: ಸೊನ್ನೆ! ನಾಲ್ಕನೆಯದು: ಏಳು. ಒಂದೇ ಪ್ರೋಗ್ರಾಮು, ಒಂದೇ ಅಂಕಿ, ನಾಲ್ಕು ಉತ್ತರ. ಒಂದೇ ಒಂದು ಎಕ್ಸೆಪ್ಷನ್ ಇಲ್ಲ.

ಅಲ್ಲಿಗೆ ಗ್ರಾಲ್ ಬಗ್ಗೆ ಇದ್ದ ಸಿಟ್ಟು ಇಳಿಯಿತು. ಜೊತೆಗೆ ಇನ್ನೊಂದು ಪ್ರಶ್ನೆ ಎದ್ದು ಕೂತಿತು. ಹಳೇ ಸರ್ವರ್ ಇಷ್ಟು ವರ್ಷ ಹೀಗೇ ಓಡಿದೆಯಲ್ಲ, ಹಾಗಾದರೆ ಆ ಬಿಲ್ಲುಗಳು?

ಸಪೋರ್ಟ್ ವಿಭಾಗದ ಹಳೇ ದೂರುಗಳನ್ನು ಹುಡುಕಿದೆ. 'ದರ ತಪ್ಪು' ಅಂತ ಆಗಾಗ ಬಂದಿದ್ದವು. ಎಲ್ಲದಕ್ಕೂ ಒಂದೇ ಉತ್ತರ: ಫ್ಯಾಟ್ ಅಳೆಯೋ ಮಿಷಿನ್ ಪರೀಕ್ಷಿಸಿ. ಒಂದು ಕೇಂದ್ರದಲ್ಲಿ ಮಿಷಿನ್ ಬದಲಾಯಿಸಿಯೂ ಇದ್ದರು. ಅವುಗಳಲ್ಲಿ ಒಂದು ದೂರು ಮಾತ್ರ ಬೇರೆ ಥರ ಇತ್ತು. ಒಬ್ಬ ಹೆಣ್ಣುಮಗಳು ಮೂರು ಸಲ ದೂರು ಕೊಟ್ಟಿದ್ದರು. ಮೂರನೇ ಸಲ ತಮ್ಮ ನೋಟ್‌ಬುಕ್ಕಿನ ಪುಟಗಳ ಫೋಟೋ ಕಳಿಸಿದ್ದರು. ಲಿಪಿ ನಂಗೆ ಓದೋಕೆ ಬರಲಿಲ್ಲ, ಅಂಕಿ ಬಂತು. ದಿನ, ಹೊತ್ತು, ಲೀಟರು, ಮಿಷಿನ್ ತೋರಿಸಿದ ಫ್ಯಾಟು, ಎಸ್‌ಎನ್‌ಎಫ್. ಪಕ್ಕದಲ್ಲಿ ಬಿಲ್ಲಿನ ದರ. ತಪ್ಪಿದ ಕಡೆ ಕೆಂಪು ಗೀಟು.

ಅವರು ಬರೆದ ಫ್ಯಾಟು ನಮ್ಮ ಡೇಟಾಬೇಸಿನಲ್ಲಿದ್ದ ಫ್ಯಾಟಿಗೆ ಸರಿಯಾಗಿ ಹೊಂದುತ್ತಿತ್ತು. ಅಂದರೆ ಮಿಷಿನ್ ಸರಿ, ದಾಖಲೆ ಸರಿ. ದರ ಮಾತ್ರ ತಪ್ಪು. ಕೆಂಪು ಗೀಟಿನ ಒಂದು ದಿನ ತಗೊಂಡು ಹಿಂದುಮುಂದಾಗಿ ಲೆಕ್ಕ ಹಾಕಿದೆ. ಅವರ ಎಸ್‌ಎನ್‌ಎಫ್ ಇಟ್ಟುಕೊಂಡು ಆ ದರ ಬರಬೇಕಾದರೆ ಫ್ಯಾಟ್ ಎಷ್ಟಿರಬೇಕು? ಬಂದ ಅಂಕಿಯನ್ನು ಲಾಗಿನಲ್ಲಿ ಹುಡುಕಿದೆ. ಅದೇ ಸೆಕೆಂಡಿನಲ್ಲಿ, ಇನ್ನೊಂದು ಥ್ರೆಡ್ಡಿನಲ್ಲಿ, ಬೇರೆ ಯಾವುದೋ ಊರಿನ ಇನ್ಯಾರದೋ ಹಾಲಿನ ಫ್ಯಾಟು ಅದು. ಲಾಗಿನ ಪ್ರತಿ ಸಾಲಿನಲ್ಲೂ ಥ್ರೆಡ್ಡಿನ ಹೆಸರು ಇದ್ದಿದ್ದಕ್ಕೆ ಇದು ಸಿಕ್ಕಿತು. ನೀವು ಪ್ರೋಗ್ರಾಮರಾಗಿದ್ದರೆ ದಯವಿಟ್ಟು ಥ್ರೆಡ್ ಹೆಸರನ್ನು ಲಾಗಿನಿಂದ ತೆಗೆಯಬೇಡಿ, ನಿಮಗೆ ಪುಣ್ಯ ಬರುತ್ತೆ.

ಇಷ್ಟು ದಿನ ಯಾಕೆ ಗೊತ್ತಾಗಲಿಲ್ಲ ಅನ್ನೋದಕ್ಕೂ ಉತ್ತರ ಅಲ್ಲೇ ಇತ್ತು. ಒಬ್ಬರ ಫ್ಯಾಟ್ ಇನ್ನೊಬ್ಬರಿಗೆ ಹೋದಾಗ ಕೆಲವರಿಗೆ ಕಮ್ಮಿ, ಕೆಲವರಿಗೆ ಜಾಸ್ತಿ. ಒಟ್ಟು ಮೊತ್ತ ಕೂಡಿದರೆ ಹೆಚ್ಚುಕಮ್ಮಿ ಸರಿಹೋಗುತ್ತೆ. ಕಂಪನಿಯವರು ನೋಡೋದು ಒಟ್ಟು ಮೊತ್ತ. ಸರಾಸರಿಯಲ್ಲಿ ಎಲ್ಲ ಚೆನ್ನಾಗಿತ್ತು. ಜಾಸ್ತಿ ಬಂದವರು ದೂರು ಕೊಡಲ್ಲ, ಕಮ್ಮಿ ಬಂದವರ ಮಾತನ್ನು ಮಿಷಿನ್ ಮೇಲೆ ಹಾಕಿ ಮುಗಿಸಿದ್ದಾಯ್ತು.

ಆ ವಾರ ಊರಿಗೆ ಹೋದಾಗ ಅವ್ವನ ಹತ್ತಿರ ಸುಮ್ಮನೆ ಕೇಳಿದೆ. "ಅವ್ವ, ಡೈರಿಲಿ ಲೆಕ್ಕ ತಪ್ಪಾದ್ರೆ ನಿಂಗೆ ಹೆಂಗ್ ಗೊತ್ತಾಯ್ತದೆ?"

"ಕ್ಯಾಲೆಂಡರ್‌ನಾಗೆ ಬರ್ಕೊತೀನಲ್ಲ, ನೋಡು ಬೇಕಾದ್ರೆ."

"ಮಿಷಿನ್ ತಪ್ಪು ಹೇಳಲ್ಲ ಅಂತಾರಲ್ಲವ್ವ?"

"ಮಿಷಿನ್ನೇನ್ ಹಸ ಕರ್ದದಾ? ಕರೆಯೋಳು ನಾನು. ನಮ್ ಹಸ ಎಂಥ ಹಾಲು ಕೊಡ್ತದೆ ಅಂತ ನಂಗೊತ್ತಿಲ್ವಾ? ಒಂದಿನ ಒಸಿ ಕಮ್ಮಿ ಬಂದ್ರೆ ಬುಡು ಅನ್ಬೋದು. ಯಾವಾಗ್ಲೂ ಬುಡಕ್ಕಾಯ್ತದಾ?"

ಫ್ಯಾಟು ಒಂದಿಷ್ಟು ಕಮ್ಮಿ ಬಂದರೆ ಲೀಟರಿಗೆ ಹೋಗೋದು ಕೆಲವೇ ರೂಪಾಯಿ. ಬೆಂಗಳೂರಲ್ಲಿ ಒಂದು ಕಾಫಿಯ ದುಡ್ಡಲ್ಲ ಅದು. ಆದರೆ ಹಿಂಡಿ, ಬೂಸಾ ಅಂಗಡಿಯ ಸಾಲ ತೀರಿಸೋದು ಆ ಬಟವಾಡೆಯಲ್ಲೇ.

ಈಗ ರಿಪೇರಿ ವಿಷಯ. ಆಗಲೇ ಹೇಳಿದ ಹಾಗೆ ಮೊದಲ ದಾರಿ ದೊಡ್ಡ ಬೀಗ. ಬರೆಯೋದು, ಓಡಿಸೋದು ಎಲ್ಲಕ್ಕೂ ಸೇರಿ ಒಂದೇ 'ಸಿಂಕ್ರೊನೈಜ್ಡ್'. ಲೆಕ್ಕ ಸರಿ ಬರುತ್ತೆ. ಆದರೆ ಎಂಟು ಥ್ರೆಡ್ ಇದ್ದೂ ಓಡೋದು ಒಂದೇ. ನಮ್ಮ ಮೈಸೂರು ರೈಲು ಒಂಟಿ ಹಳಿ ಇದ್ದ ಕಾಲ ನೆನಪಿದೆಯಾ? ಎದುರಿನ ಗಾಡಿ ಬರೋವರೆಗೆ ಮದ್ದೂರಲ್ಲೋ ಹನಕೆರೆಯಲ್ಲೋ 'ಕ್ರಾಸಿಂಗ್' ಅಂತ ನಿಲ್ಲಿಸೋರು. ಒಂಟಿ ಹಳಿಗೆ ರೈಲ್ವೆಯವರ ಹಳೇ ಉಪಾಯ ಟೋಕನ್. ಎರಡು ಸ್ಟೇಷನ್ನಿನ ನಡುವೆ ಒಂದು ಸಲಕ್ಕೆ ಒಂದೇ ಟೋಕನ್ ಹೊರಗೆ ಬರುತ್ತೆ, ಅದು ಕೈಲಿದ್ದ ಡ್ರೈವರ್ ಮಾತ್ರ ಗಾಡಿ ಬಿಡಬಹುದು. ಢಿಕ್ಕಿ ಆಗಲ್ಲ, ಆದರೆ ಎಲ್ಲರೂ ಕಾಯಬೇಕು. ಕೊನೆಗೆ ಜೋಡಿ ಹಳಿ ಹಾಕೋದೇ ಪರಿಹಾರ ಅಂತ, ಶ್ರೀರಂಗಪಟ್ಟಣದಲ್ಲಿ ದಾರಿಗೆ ಅಡ್ಡ ಇದ್ದ ಟಿಪ್ಪು ಕಾಲದ ಮದ್ದಿನ ಮನೆಯನ್ನು ಕೆಡವದೆ ಇಡಿಯಾಗಿ ಎತ್ತಿ 2017ರಲ್ಲಿ ಬೇರೆ ಜಾಗಕ್ಕೆ ಸರಿಸಿದರು.

ಬೀಗದಲ್ಲಿ ಇನ್ನೊಂದು ಅಪಾಯ ಇದೆ. ನಮ್ಮ ಸೂತ್ರದ ಸ್ಕ್ರಿಪ್ಟು ದರಪಟ್ಟಿ ನೋಡೋಕೆ ವಾಪಸ್ ಜಾವಾವನ್ನೇ ಕರೀತಿತ್ತು. ದರಪಟ್ಟಿಗೆ ಅದರದೇ ಬೇರೆ ಬೀಗ. ತಾತ್ಕಾಲಿಕವಾಗಿ ದೊಡ್ಡ ಬೀಗ ಹಾಕಿ ಪರೀಕ್ಷೆ ಮಾಡಿದಾಗ ಒಂದು ಥ್ರೆಡ್ ಇಂಜಿನ್ ಬೀಗ ಹಿಡಿದು ದರಪಟ್ಟಿಗೆ ಕಾಯ್ತಿತ್ತು. ಇನ್ನೊಂದು ದರಪಟ್ಟಿ ಬೀಗ ಹಿಡಿದು, ಹೊಸ ದರ ಪರೀಕ್ಷಿಸೋಕೆ ಇಂಜಿನ್ನಿಗೆ ಕಾಯ್ತಿತ್ತು. ಇಬ್ಬರೂ ಬಿಡಲ್ಲ. ಡೆಡ್‌ಲಾಕ್! ಹೀಗೆ ಸರ್ವರ್ ಕಲ್ಲಾಗಿ ಕೂತಾಗ 'ಜೆಸ್ಟ್ಯಾಕ್' ಓಡಿಸಿ. ಯಾರು ಯಾವ ಬೀಗ ಹಿಡಿದಿದ್ದಾರೆ, ಯಾವುದಕ್ಕೆ ಕಾಯ್ತಿದ್ದಾರೆ ಅಂತ ಹೆಸರು ಸಮೇತ ಬರೆದುಕೊಡುತ್ತೆ.

ಕಾಲೇಜಲ್ಲಿ ಇದಕ್ಕೆ 'ಡೈನಿಂಗ್ ಫಿಲಾಸಫರ್ಸ್' ಅನ್ನೋ ಪಾಠ ಇತ್ತು. 1965ರಲ್ಲಿ ಡೈಕ್‌ಸ್ಟ್ರಾ ಹುಟ್ಟುಹಾಕಿದ ಲೆಕ್ಕ. ಐದು ಜನ ತತ್ವಜ್ಞಾನಿಗಳು, ಐದು ಫೋರ್ಕು, ಊಟಕ್ಕೆ ಒಬ್ಬೊಬ್ಬರಿಗೂ ಎರಡು ಬೇಕು. ಎಲ್ಲರೂ ಒಂದೊಂದು ಹಿಡಿದು ಇನ್ನೊಂದಕ್ಕೆ ಕಾದು ಉಪವಾಸ ಬೀಳ್ತಾರೆ. ನಮ್ಮ ಬೆಂಚಿನ ಹುಡುಗ ಹೇಳಿದ್ದ: "ಮಂಡ್ಯದಲ್ಲಿ ಈ ಪ್ರಾಬ್ಲಮ್ಮೇ ಬರಲ್ಲ ಕಣ್ಲಾ, ಮುದ್ದೆ ತಿನ್ನಕ್ಕೆ ಫೋರ್ಕ್ ಯಾಕೆ?" ತಮಾಷೆಗೆ ಅಂದಿದ್ದು, ಆದರೆ ಅದೇ ಸರಿಯಾದ ದಾರಿ! ಹಂಚಿಕೊಳ್ಳೋ ವಸ್ತುವೇ ಇಲ್ಲದಿದ್ದರೆ ಬೀಗವೂ ಬೇಡ, ಕಾಯೋದೂ ಬೇಡ.

ಎರಡನೇ ದಾರಿ ಅದೇ. ಪ್ರತಿ ಗುಮಾಸ್ತನಿಗೂ ಅವನದೇ ಸ್ಲೇಟು. ಜಾವಾದಲ್ಲಿ 'ಥ್ರೆಡ್ ಲೋಕಲ್' ಬಳಸಿ ಥ್ರೆಡ್ಡಿಗೊಂದು ಇಂಜಿನ್ ಕೊಡಬಹುದು. ಎಂಟು ಥ್ರೆಡ್ಡಿಗೆ ಸರಿ. ಆದರೆ 2023ರ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ ಬಂದ ಮೇಲೆ ಒಂದು ಸರ್ವರಿನಲ್ಲಿ ಲಕ್ಷ ಥ್ರೆಡ್ ಇರಬಹುದು. ಲಕ್ಷ ಇಂಜಿನ್ ಇಟ್ಟರೆ ಮೆಮೊರಿ ಗೋವಿಂದ.

ಮೂರನೇ ದಾರಿ: ಸೂತ್ರವನ್ನು ಒಂದೇ ಸಲ ಕಂಪೈಲ್ ಮಾಡಿ, ಪ್ರತಿ ಲೆಕ್ಕಕ್ಕೂ ಬೇರೆ 'ಬೈಂಡಿಂಗ್ಸ್', ಅಂದರೆ ಹೊಸ ಖಾಲಿ ಸ್ಲೇಟು ಕೊಡೋದು. ನಾಸ್‌ಹಾರ್ನಿನಲ್ಲೇ ಇರಬೇಕಾದವರಿಗೆ ಇದು ಒಳ್ಳೇದು. ಒಂದು ಸ್ಲೇಟಿನ ಜಾವಾಸ್ಕ್ರಿಪ್ಟ್ ವಸ್ತುವನ್ನು ಇನ್ನೊಂದಕ್ಕೆ ದಾಟಿಸದೆ ಇದ್ದರೆ ಆಯ್ತು.

ಗ್ರಾಲಿನಲ್ಲಿ ನಾವು ಮಾಡಿದ್ದು ಇದರದೇ ಇನ್ನೊಂದು ರೂಪ. ಕಂಪೈಲ್ ಆದ ಕೋಡ್ ಇಟ್ಟುಕೊಳ್ಳೋಕೆ ಎಲ್ಲರಿಗೂ ಸೇರಿ ಒಂದು 'ಇಂಜಿನ್'. ಲೆಕ್ಕಕ್ಕೆ ಎಂಟು 'ಕಾಂಟೆಕ್ಸ್ಟ್'. ಅವು ಒಂದು ಕ್ಯೂನಲ್ಲಿ ಇರ್ತವೆ. ಬೇಕಾದ ಥ್ರೆಡ್ ಒಂದನ್ನು ತಗೊಂಡು, ಕೆಲಸ ಮುಗಿಸಿ, ವಾಪಸ್ ಇಡಬೇಕು. ಬೇರೆ ಬೇರೆ ಥ್ರೆಡ್ ಬಳಸಬಹುದು, ಒಂದೇ ಹೊತ್ತಿಗೆ ಮಾತ್ರ ಇಬ್ಬರು ಮುಟ್ಟಬಾರದು. ನಮ್ಮ ಕಡೆ ನಾಲೆ ನೀರು ಕಟ್ಟು ಪದ್ಧತಿಯಲ್ಲಿ ಬಿಟ್ಟ ಹಾಗೆ, ಸರದಿ ಬಂದಾಗ ತೂಬು ನಿಂದು, ಮುಗಿದ ಮೇಲೆ ಬಿಟ್ಟುಕೊಡು.

ಇದೆಲ್ಲಕ್ಕಿಂತ ದೊಡ್ಡ ಬದಲಾವಣೆ ಬಹಳ ಸಣ್ಣದು. ಫ್ಯಾಟು, ಎಸ್‌ಎನ್‌ಎಫ್ ಎರಡನ್ನೂ ಸ್ಲೇಟ್ ಮೇಲೆ ಬರೆಯೋದು ಬಿಟ್ಟು, ಸೂತ್ರವನ್ನೇ ಒಂದು ಫಂಕ್ಷನ್ ಮಾಡಿ ಅಂಕಿಗಳನ್ನು ಚೀಟಿ ಥರ ಕೈಗೇ ಕೊಟ್ಟೆವು. ಆ ಚೀಟಿ ಆ ಕರೆಗೆ ಮಾತ್ರ ಸೇರಿದ್ದು, ಬೇರೆ ಯಾರಿಗೂ ಕಾಣಲ್ಲ. ಜೊತೆಗೆ ಸ್ಕ್ರಿಪ್ಟಿನ ತಲೆಗೆ 'ಯೂಸ್ ಸ್ಟ್ರಿಕ್ಟ್' ಹಾಕಿದೆವು. ಜಾವಾಸ್ಕ್ರಿಪ್ಟಿನಲ್ಲಿ ಘೋಷಣೆ ಮಾಡದೆ ಒಂದು ಹೆಸರು ಬಳಸಿದರೆ ಅದು ತಾನಾಗೇ ಎಲ್ಲರಿಗೂ ಕಾಣೋ ಹೆಸರಾಗಿಬಿಡುತ್ತೆ. ಸ್ಟ್ರಿಕ್ಟ್ ಹಾಕಿದರೆ ಅಲ್ಲೇ ಎರರ್ ಕೊಟ್ಟು ನಿಲ್ಲಿಸುತ್ತೆ.

ಪೈಥಾನ್ ಬಳಸೋರು "ನಮಗೇನಿಲ್ಲ ಬಿಡಿ" ಅನ್ನೋ ಹಾಗಿಲ್ಲ. ಸಾಮಾನ್ಯ ಪೈಥಾನಿನಲ್ಲಿ 'ಗಿಲ್' ಅನ್ನೋ ಒಂದೇ ದೊಡ್ಡ ಬೀಗ ಇದೆ, ಅಪ್ಪಟ ಒಂಟಿ ಹಳಿ ಟೋಕನ್. ಜಾವಾ ಮೇಲೆ ಓಡೋ ಜೈಥಾನ್ (ಜಿಮ್ ಹ್ಯೂಗುನಿನ್ 1997ರಲ್ಲಿ ಶುರು ಮಾಡಿದ್ದು) ಬಂದರೆ ಆ ಬೀಗ ಇಲ್ಲ, ಥ್ರೆಡ್‌ಗಳು ನಿಜಕ್ಕೂ ಒಟ್ಟಿಗೆ ಓಡ್ತವೆ. ಬೀಗದ ನೆರಳಲ್ಲಿ ಅಡಗಿದ್ದ ತಪ್ಪುಗಳು ಅಲ್ಲಿ ಹೊರಗೆ ಬರ್ತವೆ. ಜಾವಾ ಒಳಗೆ ನಿಜವಾದ ಪೈಥಾನ್ ಕೂರಿಸೋ 'ಜೆಪ್' ಇನ್ನೂ ಖಡಕ್, ಹುಟ್ಟಿಸಿದ ಥ್ರೆಡ್ಡೇ ಅದನ್ನು ಬಳಸಬೇಕು, ಬೇರೆ ಥ್ರೆಡ್ ಮುಟ್ಟಿದರೆ ಎಕ್ಸೆಪ್ಷನ್. 2024ರ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.13ರಲ್ಲಿ ಗಿಲ್ ಇಲ್ಲದ ಪ್ರಯೋಗದ ಆವೃತ್ತಿಯೂ ಬಂತು. ಇನ್ನು ಮುಂದೆ ಈ ತರಲೆ ಜಾಸ್ತಿಯೇ ಆಗುತ್ತೆ.

ಹಾಲಿನ ದರಕ್ಕೆ ಇಷ್ಟೊಂದಾ ಅನ್ನಬೇಡಿ. ನಮ್ಮ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲಿ ಕರೆಂಟು ತಯಾರಿಸಿ ಅಷ್ಟು ದೂರದ ಕೆಜಿಎಫ್‌ಗೆ ಕಳಿಸಿದ್ದು ನಮಗೆಲ್ಲ ಹೆಮ್ಮೆ. ಅದಾಗಿ ನೂರು ವರ್ಷದ ಮೇಲೆ, 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನರ ಮನೆ ಕತ್ತಲಾಯಿತು. ಒಹಾಯೋದ ವಿದ್ಯುತ್ ಕಂಪನಿಯೊಂದರ ಕಂಟ್ರೋಲ್ ರೂಮಿನಲ್ಲಿ ಅಪಾಯದ ಗಂಟೆ ಬಾರಿಸಬೇಕಾದ ಸಾಫ್ಟ್‌ವೇರ್ ರೇಸ್ ಕಂಡಿಷನ್ನಿಗೆ ಸಿಕ್ಕಿ ಮೂಕವಾಗಿತ್ತು. ಒಂದು ಗಂಟೆಗೂ ಹೆಚ್ಚು ಹೊತ್ತು ಅಲ್ಲಿದ್ದವರಿಗೆ ಗಂಟೆ ಕೆಟ್ಟಿದೆ ಅನ್ನೋದೇ ತಿಳೀಲಿಲ್ಲ. ಗಂಟೆ ಹೊಡೀತಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೇ ತಾನೆ ಅಂದುಕೊಳ್ಳೋದು?

ಇನ್ನು ಹಳೇ ಬಿಲ್ಲುಗಳು. ಇಲ್ಲೇ ನಿಜವಾದ ಜಗಳ ಆಗಿದ್ದು. "ಹೊಸ ವರ್ಷನ್ ಸರಿ ಇದೆಯಲ್ಲ, ಹಳೇದನ್ನ ಯಾಕೆ ಕೆದಕಬೇಕು? ಕೇಳಿದವರು ಯಾರು?" ಅಂದರು ಮೇಲಿನವರು. ಕೇಳಿದವರು ಇದ್ದರು, ಮೂರು ಸಲ ಕೇಳಿದ್ದರು. ಆ ನೋಟ್‌ಬುಕ್ಕಿನ ಫೋಟೋಗಳನ್ನೇ ಮೀಟಿಂಗಿನಲ್ಲಿ ಪರದೆ ಮೇಲೆ ಹಾಕಿದೆ. ಪಕ್ಕದಲ್ಲಿ ನಮ್ಮ ಲಾಗಿನ ಸಾಲುಗಳು. ಗೀಟು ಹಾಕಿದ ಪ್ರತಿ ದಿನಕ್ಕೂ ಅದೇ ಸೆಕೆಂಡಿನ ಇನ್ನೊಬ್ಬರ ಫ್ಯಾಟು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮ ಟೆಸ್ಟಿಂಗ್ ತಂಡದ ಹಿರಿಯರೊಬ್ಬರು, ಅಷ್ಟು ಹೊತ್ತು ಸುಮ್ಮನಿದ್ದವರು, "ಇದನ್ನ ನೋಡಿದ ಮೇಲೂ ನಾನು ಸಹಿ ಹಾಕಲ್ಲ" ಅಂದರು. ರಿಲೀಸಿಗೆ ಅವರ ಸಹಿ ಬೇಕಿತ್ತು.

ಪುಣ್ಯಕ್ಕೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಮೂಲ ಅಂಕಿಗಳೆಲ್ಲ ಡೇಟಾಬೇಸಿನಲ್ಲಿ ಸರಿಯಾಗೇ ಇದ್ದವು, ಆಯಾ ಕಾಲದ ಸೂತ್ರಗಳೂ ಇದ್ದವು. ಹಳೇ ದಾಖಲೆಗಳನ್ನೆಲ್ಲ ಒಂದೇ ಥ್ರೆಡ್ಡಿನಲ್ಲಿ, ಒಂದಾದ ಮೇಲೊಂದು, ಮತ್ತೆ ಲೆಕ್ಕ ಹಾಕಿಸಿದೆವು. ಎರಡು ರಾತ್ರಿ ಓಡಿತು. ವ್ಯತ್ಯಾಸದ ಪಟ್ಟಿ ಗ್ರಾಹಕ ಕಂಪನಿಗೆ ಹೋಯಿತು. ಅವರು ಮೊದಲು ಸಿಟ್ಟಾದರು, ಆಗಲೇಬೇಕು. ಆಮೇಲೆ ಕಮ್ಮಿ ಬಂದವರಿಗೆಲ್ಲ ಮುಂದಿನ ಬಿಲ್ಲಿನಲ್ಲಿ ಸೇರಿಸಿ ಕೊಡೋದು, ಜಾಸ್ತಿ ಹೋದವರಿಂದ ವಾಪಸ್ ಕೇಳೋದು ಬೇಡ ಅಂತ ತೀರ್ಮಾನ ಮಾಡಿದರು. ಖರ್ಚನ್ನು ಎರಡೂ ಕಂಪನಿ ಹೇಗೆ ಹಂಚಿಕೊಂಡವೋ ನನ್ನ ಮಟ್ಟಕ್ಕೆ ಬಂದ ಸುದ್ದಿಯಲ್ಲ :)

ಆ ಹೆಣ್ಣುಮಗಳ ಮೂರನೇ ದೂರು ಸಪೋರ್ಟ್ ಸಾಫ್ಟ್‌ವೇರಿನಲ್ಲಿ 'ಪರಿಹಾರವಾಗಿದೆ, ಮಿಷಿನ್ ಪರಿಶೀಲಿಸಲಾಗಿದೆ' ಅಂತ ಮುಚ್ಚಿತ್ತು. ಅದನ್ನು ಮತ್ತೆ ತೆರೆಸಿ, 'ನಿಮ್ಮ ಲೆಕ್ಕ ಸರಿ ಇತ್ತು, ತಪ್ಪು ನಮ್ಮ ಸಾಫ್ಟ್‌ವೇರಿನದು' ಅಂತ ಅವರ ಭಾಷೆಯಲ್ಲಿ ಉತ್ತರ ಬರೆಸಿ ಆಮೇಲೆ ಮುಚ್ಚಿಸಿದೆವು. ಅವರಿಗೆ ವ್ಯತ್ಯಾಸದ ದುಡ್ಡು ಸೇರಿದ ಬಿಲ್ಲಿನ ನಕಲು ನೋಡಿದೆ. ಅವರ ನೋಟ್‌ಬುಕ್ಕಿನ ಕೆಂಪು ಗೀಟುಗಳನ್ನೆಲ್ಲ ಕೂಡಿ ನೋಡಿದರೆ ಬರೋ ಮೊತ್ತಕ್ಕೂ ನಮ್ಮ ಸರ್ವರ್ ತೆಗೆದ ಮೊತ್ತಕ್ಕೂ ಒಂದು ರೂಪಾಯಿಯೂ ವ್ಯತ್ಯಾಸ ಇರಲಿಲ್ಲ.

ನಿಮ್ಮಲ್ಲೂ ಯಾರಾದರೂ ಜಾವಾ ಒಳಗೆ ಸ್ಕ್ರಿಪ್ಟ್ ಓಡಿಸ್ತಾ ಇದ್ದರೆ ನಾಳೆ ಆಫೀಸಿಗೆ ಹೋದ ತಕ್ಷಣ ಒಂದು ಕೆಲಸ ಮಾಡಿ. ಕೋಡಿನಲ್ಲಿ ಸ್ಕ್ರಿಪ್ಟ್ ಇಂಜಿನ್ 'ಸ್ಟ್ಯಾಟಿಕ್' ಆಗಿದೆಯಾ, ಅದಕ್ಕೆ ಹೊರಗಿಂದ ಹೆಸರುಗಳನ್ನು ಬರೀತಿದ್ದೀರಾ ಅಂತ ಹುಡುಕಿ. ಎರಡಕ್ಕೂ ಹೌದು ಅಂತ ಬಂದರೆ ಎಂಟು ಥ್ರೆಡ್ ಒಟ್ಟಿಗೆ ಬಿಟ್ಟು ಉತ್ತರ ಗೊತ್ತಿರೋ ಲೆಕ್ಕ ಕೊಟ್ಟು ನೋಡಿ. ಒಂದು ಸಲ ಸರಿ ಬಂತು ಅಂತ ಎದ್ದು ಹೋಗಬೇಡಿ, ನಂಗೆ ಮೂರನೇ ಓಟದಲ್ಲಿ ಸೊನ್ನೆ ಬಂದಿತ್ತು.

ಸರಿ, ಬಹಳ ಉದ್ದ ಆಯ್ತು. ಮುಂದಿನ ಸಲ ಟೆಕ್ನಿಕಲ್ ಬೇಡ, ಮದ್ದೂರು ವಡೆ ಬಗ್ಗೆ ಬರೀತೀನಿ. ಬರ್ಲಾ?